ಏಳು ತಂತಿಯ ಪಿಟೀಲು: ಕೀರ್ತಿಶೇಷ ಚೌಡಯ್ಯನವರು

ಹಿಂದೀ ಚಲಚ್ಚಿತ್ರಗಳ ಸಂಗೀತ ನಿರ್ದೇಶಕರಾಗಿದ್ದ ರಾಹುಲ್ ದೇವ್ ಬರ್ಮನ್ನರು 1994ರಲ್ಲಿ ಗತಿಸಿದರು. ಆದಾಗ್ಯೂ ಅವರ ಹಾಡುಗಳು ನಮ್ಮ ತಿಲಕ್ ನಗರದ ಚಹಾದಂಗಡಿಗಳಲ್ಲಿಯೂ ಜಯನಗರದ ಅಂಗಡಿಸಾಲುಗಳಲ್ಲಿಯೂ ಇಂದಿಗೂ ಕೇಳಿಬರುತ್ತಿರುವುವು. ಆ ಮಹನೀಯರ ಹೆಸರು ಬಂದಾಗಲೆಲ್ಲ ರಸಿಕರು ಮೊದಲು ಸ್ಮರಿಸುವುದು ಅವರ ಯುಕ್ತಿಗಳನ್ನು. 1973ರ ‘ಯಾದೋಂ ಕೀ ಬಾರಾತ್’ ಚಿತ್ರದ ಹಾಡೊಂದಕ್ಕೆ ಗಾಜಿನ ಲೋಟಕ್ಕೆ ಚಮಚ ತಟ್ಟಿ ಹುಟ್ಟಿಸಿದ ಸದ್ದು, 1975ರ ‘ಶೋಲೆ’ ಚಿತ್ರಕ್ಕಾಗಿ ಸೀಸೆಯ ಬಾಯಿಗೆ ಊದಿ ತೆಗೆದ ನಾದ, ಇವು ಈಗ ಮನೆಮಾತಾಗಿವೆ. ಹೊಸ ನಾದವನ್ನು ಹುಡುಕುವವನ ಮೇಲೆ ಲೋಕಕ್ಕೆ ಪ್ರೀತಿ ಹುಟ್ಟುವುದು ಸಹಜವೇ ಸರಿ. ಅದಕ್ಕೆ ನಮ್ಮ ಆಕ್ಷೇಪಣೆಯೇನೂ ಇಲ್ಲ. ಆದರೆ ಬರ್ಮನ್ನರು ಹುಟ್ಟುವುದಕ್ಕೆ ಹನ್ನೆರಡು ವರ್ಷಗಳ ಮುಂಚೆಯೇ ನಮ್ಮ ಮೈಸೂರು ಸೀಮೆಯಲ್ಲಿ ಒಬ್ಬ ಒಕ್ಕಲಿಗರ ಮನೆಯ ಮಗನು ಪಾಶ್ಚಾತ್ಯರ ವಾದ್ಯವೊಂದನ್ನು ಕೈಗೆತ್ತಿಕೊಂಡು, ಅದರ ತಂತಿಗಳ ಲೆಕ್ಕವನ್ನೇ ಬದಲಿಸಿ, ದಕ್ಷಿಣಾದಿ ಕಚೇರಿಯ ನಾದವನ್ನು ಬೇರೊಂದು ತೆರನಾಗಿ ಮಾಡಿದನೆಂಬುದನ್ನು ಎಷ್ಟು ಮಂದಿ ಯುವಕರು ಬಲ್ಲರು? ಮಲ್ಲೇಶ್ವರದ ಕಡೆಗೆ ಹೋಗುವವರು ಪಿಟೀಲಿನ ಆಕಾರದ ಒಂದು ಸಭಾಭವನವನ್ನು ಕಂಡಿರುವರು. ಅದರ ಹೆಸರನ್ನೂ ಬಲ್ಲರು. ಆ ಹೆಸರಿನ ಮನುಷ್ಯನು ಮಾಡಿದ ಕೆಲಸವೇನೆಂದು ಕೇಳಿದರೆ ಮಾತ್ರ ಉತ್ತರವು ತಡವಾಗುವುದು. ಆದುದರಿಂದ ಇಂದು ಆ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೈಸೂರಿಗೆ ಸುಮಾರು ಇಪ್ಪತ್ತು ಮೈಲಿಗಳ ದೂರದಲ್ಲಿ, ತಿರುಮಕೂಡಲು ನರಸೀಪುರದ ಬಳಿ, ಕಾವೇರಿಯೂ ಕಪಿಲೆಯೂ ಕೂಡುತ್ತವೆ. ಅಲ್ಲಿ ಸ್ಫಟಿಕ ಸರೋವರವೆಂಬುದೊಂದು ಗುಪ್ತವಾಗಿ ಸೇರುವುದೆಂದು ಆಸ್ತಿಕರು ನಂಬುವರು. ಆ ಸಂಗಮದ ದಡದ ತಿರುಮಕೂಡಲು ಗ್ರಾಮದಲ್ಲಿ 1895ರ ಜನವರಿ 1ರಂದು ಅಗಸ್ತ್ಯೇಗೌಡ, ಸುಂದರಮ್ಮ ದಂಪತಿಗಳಿಗೆ ಚೌಡಯ್ಯನವರು ಜನಿಸಿದರು. ಊರ ದೇವರು ಅಗಸ್ತ್ಯೇಶ್ವರ. ತಂದೆಯ ಹೆಸರೂ ಆ ದೇವರದೇ. ಪಿಟೀಲಿನಂತಹ ವಾದ್ಯವು ಆ ಕಾಲದಲ್ಲಿ ಬಹುಮಟ್ಟಿಗೆ ವಿದ್ವಾಂಸರ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬರುತ್ತಿದ್ದ ಸೊತ್ತಾಗಿದ್ದಿತು. ಉಳುವವರ ಮನೆಯಿಂದ ಬಂದ ಹುಡುಗನಿಗೆ ಆ ಬಾಗಿಲು ತಾನಾಗಿ ತೆರೆಯತಕ್ಕದ್ದಾಗಿರಲಿಲ್ಲ. ಅದನ್ನು ತೆರೆದವರು ಗುರುಗಳು.

ಆ ಗುರುಗಳೆಂದರೆ ಗಾನವಿಶಾರದ ಬಿಡಾರಂ ಕೃಷ್ಣಪ್ಪನವರು. 1866ರಲ್ಲಿ ಹುಟ್ಟಿದ ಕೃಷ್ಣಪ್ಪನವರು ಸಹ ಸುಖದ ದಾರಿಯಿಂದ ಬಂದವರಲ್ಲ. ಕರಾವಳಿಯ ಮೂಲದವರಾದ ಅವರು ಬಾಲ್ಯದಲ್ಲಿಯೇ ಮೈಸೂರಿಗೆ ಬಂದು, ತಮ್ಮ ಕಂಠದ ಬಲದಿಂದಲೇ ಅರಮನೆಯ ವಿದ್ವಾಂಸರ ಸಾಲಿಗೆ ಏರಿದರು. ಕಚೇರಿಗಳಲ್ಲಿ ದಾಸರ ಪದಗಳಿಗೆ ಗೌರವದ ಸ್ಥಾನವನ್ನು ಕೊಟ್ಟು ಹಾಡಿದವರಲ್ಲಿ ಅವರು ಅಗ್ರಗಣ್ಯರು. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರವು ಅವರು ಕಟ್ಟಿಸಿದ್ದು. 1910ರಲ್ಲಿ ಹದಿನೈದು ವರ್ಷದ ಚೌಡಯ್ಯನು ಇವರ ಬಳಿಗೆ ಬಂದು ಸೇರಿದನು. ಅಂದಿನ ಗುರುಕುಲವಾಸವು ಇಂದಿನ ತರಗತಿಯಂತಲ್ಲ. ಶಿಷ್ಯನು ಗುರುವಿನ ಮನೆಯ ಕೆಲಸವನ್ನು ಮಾಡುವನು, ಕರೆದಾಗ ಬರುವನು, ಹೇಳಿಕೊಡುವ ಲಹರಿ ಬಂದಾಗ ಕಲಿಯುವನು, ತಪ್ಪಿದರೆ ಪೆಟ್ಟನ್ನೂ ತಿನ್ನುವನು. ಕೃಷ್ಣಪ್ಪನವರು ಶಿಸ್ತಿನ ವಿಷಯದಲ್ಲಿ ಕಠಿಣರೆಂದು ಪ್ರಸಿದ್ಧರಾಗಿದ್ದರು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಗುರುಗಳು ಗಾಯಕರು, ಶಿಷ್ಯನು ಪಿಟೀಲುವಾದಕ. ಎಂದರೆ, ಚೌಡಯ್ಯನವರು ಕಲಿತದ್ದು ಪಿಟೀಲನ್ನಲ್ಲ, ಹಾಡನ್ನು. ಆ ಹಾಡನ್ನು ಪಿಟೀಲಿನಲ್ಲಿ ನುಡಿಸುವುದನ್ನು. ಕಂಠವು ಎಲ್ಲಿ ಉಸಿರು ಹಿಡಿಯುವುದು, ಎಲ್ಲಿ ಸಾಹಿತ್ಯದ ಅಕ್ಷರವು ಒತ್ತನ್ನು ಕೇಳುವುದು, ಎಲ್ಲಿ ಸ್ವರವು ಜಾರಿ ಮುಂದಿನ ಸ್ವರವನ್ನು ಮುಟ್ಟುವುದು, ಇವೆಲ್ಲ ಕಮಾನಿನ ಎಳೆತಕ್ಕೆ ಇಳಿಯಬೇಕಾಗಿತ್ತು. ಚೌಡಯ್ಯನವರ ಕಮಾನು ತುದಿಯಿಂದ ತುದಿಯವರೆಗೆ ಉದ್ದವಾಗಿ ಸಾಗುತ್ತಿದ್ದುದು ಈ ಶಿಕ್ಷಣದ ಫಲವೆಂದೇ ನಾವು ತಿಳಿಯುತ್ತೇವೆ. ಕಮಾನನ್ನು ತುಂಡುತುಂಡಾಗಿ ಎಳೆದರೆ ವಾದ್ಯದ ಸದ್ದು ಬರುವುದು; ಉದ್ದವಾಗಿ ಎಳೆದರೆ ಹಾಡು ಬರುವುದು.

ಶಿಷ್ಯನು ಪಳಗಿದ ಮೇಲೆ ಗುರುಗಳು ಅವನನ್ನು ತಮ್ಮ ಪಕ್ಕದಲ್ಲಿಯೇ ಕೂರಿಸಿಕೊಂಡು ಹಾಡತೊಡಗಿದರು. ತೊಡಕು ಹುಟ್ಟಿದ್ದೂ ಅಲ್ಲಿಯೇ.

ಅಂದಿನ ಕಚೇರಿಯನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ಧ್ವನಿವರ್ಧಕ ಯಂತ್ರಗಳು ಇನ್ನೂ ನಮ್ಮ ಸಭೆಗಳಿಗೆ ಕಾಲಿಟ್ಟಿರಲಿಲ್ಲ. ಮದುವೆಯ ಚಪ್ಪರದಲ್ಲಿ, ದೇವಾಲಯದ ಪ್ರಾಕಾರದಲ್ಲಿ, ರಾಮೋತ್ಸವದ ಪಂದಲಿನಲ್ಲಿ ನೂರಾರು ಮಂದಿ ಸೇರುವರು; ಹಿಂದೆ ಕೂತವನಿಗೂ ಕೇಳಬೇಕು. ಆದ್ದರಿಂದ ಗಾಯಕರು ಏರುಶ್ರುತಿಯನ್ನು ಹಿಡಿದು ಎದೆಯನ್ನು ತುಂಬಿಕೊಂಡು ಹಾಡುತ್ತಿದ್ದರು. ಮೃದಂಗವು ತನ್ನ ಪಾಲಿನ ಸದ್ದನ್ನು ಮಾಡಬಲ್ಲುದು. ಘಟ, ಖಂಜರಿಗಳು ಜೊತೆಗೂಡಿದರಂತೂ ಹೇಳತಕ್ಕದ್ದೇ ಇಲ್ಲ. ಇವೆಲ್ಲದರ ನಡುವೆ ಸಣ್ಣ ಮರದ ಡಬ್ಬಿಯ ಮೇಲೆ ಬಿಗಿದ ನಾಲ್ಕು ತಂತಿಗಳ ಪಿಟೀಲು ಏನು ಮಾಡಬೇಕು? ಮುಂದಿನ ಎರಡು ಸಾಲಿನವರಿಗೆ ಕೇಳುವುದು. ಉಳಿದವರು ಕಮಾನು ಆಡುವುದನ್ನು ನೋಡಿ ತೃಪ್ತರಾಗಬೇಕು. ಗಾಯಕನು ಪಲ್ಲವಿಯಲ್ಲಿ ಒಂದು ಸವಾಲನ್ನು ಎಸೆದು, ಪಿಟೀಲುವಾದಕನು ಅದಕ್ಕೆ ಬೆಲೆಬಾಳುವ ಉತ್ತರವನ್ನು ಕೊಟ್ಟರೂ, ಆ ಉತ್ತರವು ಸಭೆಗೆ ತಲುಪದಿದ್ದರೆ ಅವನು ಉತ್ತರವನ್ನೇ ಕೊಡಲಿಲ್ಲವೆಂದು ಜನರು ತಿಳಿಯುವರು. ಪಕ್ಕವಾದ್ಯದವನ ಮಾನವು ಹೀಗೆ ಅವನ ವಿದ್ವತ್ತಿನ ಮೇಲಲ್ಲದೆ ಡಬ್ಬಿಯ ಶಕ್ತಿಯ ಮೇಲೆ ನಿಂತಿದ್ದಿತು.

ಪಿಟೀಲು ನಮ್ಮ ಸಂಗೀತಕ್ಕೆ ಬಂದು ಆಗಲೇ ನೂರು ವರ್ಷಗಳ ಮೇಲಾಗಿದ್ದಿತು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಪಾಶ್ಚಾತ್ಯರಿಂದ ಕಲಿತು ನಮ್ಮ ರಾಗಗಳಿಗೆ ಒಗ್ಗಿಸಿದರು. ತಂಜಾವೂರಿನ ವಡಿವೇಲುಗಳು ಅದಕ್ಕೆ ತಿರುವಾಂಕೂರಿನ ಆಸ್ಥಾನದಲ್ಲಿ ಮರ್ಯಾದೆಯನ್ನು ತಂದರು. ಅವರ ಕಾಲದಿಂದ ನಮ್ಮವರು ವಾದ್ಯವನ್ನು ಹಿಡಿಯುವ ಬಗೆಯನ್ನು ಬದಲಿಸಿದರು, ಶ್ರುತಿಮಾಡುವ ಬಗೆಯನ್ನು ಬದಲಿಸಿದರು. ಪಾಶ್ಚಾತ್ಯನು ನಿಂತು, ಗಲ್ಲದ ಕೆಳಗೆ ಒತ್ತಿಕೊಂಡು ನುಡಿಸುವನು. ನಮ್ಮವನು ನೆಲದ ಮೇಲೆ ಕೂತು, ವಾದ್ಯದ ತಲೆಯನ್ನು ಪಾದದ ಮೇಲಿಟ್ಟು, ಎಡಗೈಯನ್ನು ಗಮಕಕ್ಕಾಗಿ ಸ್ವತಂತ್ರವಾಗಿ ಬಿಡುವನು. ಅವನ ನಾಲ್ಕು ತಂತಿಗಳು ನಾಲ್ಕು ಬೇರೆ ಸ್ವರಗಳು. ನಮ್ಮವು ಷಡ್ಜ, ಪಂಚಮ, ಮತ್ತೆ ಷಡ್ಜ, ಮತ್ತೆ ಪಂಚಮ. ಇಷ್ಟನ್ನೆಲ್ಲ ಬದಲಿಸಿದವರು ತಂತಿಗಳ ಸಂಖ್ಯೆಯನ್ನು ಮಾತ್ರ ಮುಟ್ಟಿರಲಿಲ್ಲ. ಅದು ವಾದ್ಯದ ಜಾತಕದಲ್ಲಿ ಬರೆದಿಟ್ಟದ್ದೆಂಬಂತೆ ನಾಲ್ಕಾಗಿಯೇ ಉಳಿದಿತ್ತು.

1927ರ ವೇಳೆಗೆ ಚೌಡಯ್ಯನವರು ಅದನ್ನು ಏಳಾಗಿ ಮಾಡಿದರು.

ಮಾಡಿದ ಬಗೆ ಹೀಗೆ: ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆತಂತಿಯನ್ನು ಕಟ್ಟಿದರು. ಜೊತೆಯ ತಂತಿಯು ಅದೇ ಸ್ವರದ್ದು, ಸ್ಥಾಯಿ ಮಾತ್ರ ಬೇರೆ. ಒಂದು ಬೆರಳು ಎರಡನ್ನೂ ಒಟ್ಟಿಗೆ ಒತ್ತುವುದು, ಒಂದು ಕಮಾನು ಎರಡನ್ನೂ ಒಟ್ಟಿಗೆ ನುಡಿಸುವುದು. ಕಂಪನಿ ನಾಟಕಗಳ ಹಾರ್ಮೋನಿಯಂಗಳನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾಗುವುದು. ಒಂದೇ ಸಾಲು ನಾಲಗೆಗಳ ಪೆಟ್ಟಿಗೆಗೂ ಎರಡು ಸಾಲಿನ ಪೆಟ್ಟಿಗೆಗೂ ಇರುವ ಅಂತರವೇ ಇಲ್ಲಿಯೂ. ಗಂಡಸಿನ ಕಂಠವೂ ಬಾಲಕನ ಕಂಠವೂ ಒಂದೇ ಪದವನ್ನು ಏಕಕಾಲದಲ್ಲಿ ಹಾಡಿದರೆ ಕಿವಿಯು ಇಬ್ಬರನ್ನು ಬೇರ್ಪಡಿಸಿ ಕೇಳದೆ ಒಂದು ತುಂಬಿದ ಕಂಠವನ್ನೇ ಕೇಳುವುದಷ್ಟೆ? ಹಾಗೆ ಕೆಳಸ್ಥಾಯಿಯ ಗಾಂಭೀರ್ಯವೂ ಮೇಲುಸ್ಥಾಯಿಯ ಹೊಳಪೂ ಕೂಡಿ ಆ ಪಿಟೀಲು ಚಪ್ಪರದ ಕೊನೆಯ ಕಂಬದವರೆಗೆ ಹೋಗತೊಡಗಿತು.

ಹೇಳಿದಷ್ಟು ಸುಲಭದಲ್ಲಿ ಆಗುವ ಕೆಲಸ ಇದಲ್ಲ. ಏಳು ತಂತಿಗಳಿಗೆ ಏಳು ಬಿರಡೆಗಳು ಬೇಕು. ನಾಲ್ಕು ಬಿರಡೆಗಳಿಗೆಂದು ಕೆತ್ತಿದ ತಲೆಯಲ್ಲಿ ಮೂರಕ್ಕೆ ಎಡೆಯನ್ನು ಮಾಡಬೇಕು. ಏಳು ತಂತಿಗಳ ಬಿಗಿತವು ಕುದುರೆಯ ಮೂಲಕ ತೆಳುವಾದ ಮೇಲ್ಹಲಗೆಯನ್ನು ಒತ್ತುವುದು. ಹಲಗೆಯು ತಡೆದುಕೊಳ್ಳಬೇಕು, ತಡೆದುಕೊಂಡೂ ಕಂಪಿಸಬೇಕು. ಜೋಡಿಯ ತಂತಿಗಳ ನಡುವಣ ಸಂದು ಹೆಚ್ಚಾದರೆ ಬೆರಳು ಒಂದನ್ನು ಹಿಡಿದು ಮತ್ತೊಂದನ್ನು ಬಿಟ್ಟೀತು. ಕಡಿಮೆಯಾದರೆ ಒಂದನ್ನೊಂದು ತಾಗಿ ಕೊರಗುಟ್ಟಾವು. ಎಲ್ಲಕ್ಕಿಂತ ದೊಡ್ಡ ಕಷ್ಟವು ಶ್ರುತಿಯದು. ಒಂಟಿ ತಂತಿಯಲ್ಲಿ ಬೆರಳು ಎಳ್ಳಷ್ಟು ಜಾರಿದರೂ ಜಾಣನಾದ ವಾದಕನು ಅದನ್ನು ಗಮಕದೊಳಗೆ ಮುಚ್ಚಿಬಿಡಬಲ್ಲನು. ಜೋಡಿತಂತಿಯಲ್ಲಿ ಅದು ಸಾಧ್ಯವಿಲ್ಲ. ಎರಡರಲ್ಲಿ ಒಂದು ಕೂದಲೆಳೆಯಷ್ಟು ಇಳಿದಿದ್ದರೂ ಎರಡು ತಂತಿಗಳೂ ಸಭೆಯಲ್ಲಿಯೇ ಜಗಳಕ್ಕೆ ನಿಲ್ಲುವುವು. ಕಚೇರಿಯ ನಡುವೆ, ಬೇಸಗೆಯ ಸೆಕೆಯಲ್ಲಿ, ಏಳು ತಂತಿಗಳನ್ನು ಸರಿಯಾಗಿ ಹಿಡಿದಿಡುವುದೆಂದರೆ ಆಟವಲ್ಲ. ಬಲಗೈಯ ಪಾಡೂ ಅಷ್ಟೆ: ನಾಲ್ಕು ತಂತಿಗೆ ಸಾಕಾಗುವ ಒತ್ತು ಏಳಕ್ಕೆ ಸಾಲದು, ಒತ್ತು ಹೆಚ್ಚಾದರೆ ನಾದವು ಕರಕಲಾಗುವುದು. ಗುರುಗಳ ಮನೆಯಲ್ಲಿ ವರ್ಷಗಟ್ಟಲೆ ಕಮಾನನ್ನು ತಿದ್ದಿಸಿಕೊಂಡಿದ್ದ ಕೈಗೆ ಮಾತ್ರವೇ ಈ ವಾದ್ಯವು ಒಲಿಯಬಹುದಾಗಿತ್ತು. ಆದುದರಿಂದ, ಮೂರು ತಂತಿಗಳನ್ನು ಹೆಚ್ಚಿಗೆ ಕಟ್ಟಿದುದಷ್ಟೇ ಚೌಡಯ್ಯನವರ ಹೆಗ್ಗಳಿಕೆಯೆಂದು ಹೇಳುವವರು ಅರ್ಧವನ್ನು ಮಾತ್ರ ಹೇಳುವರು. ಕಟ್ಟಿದ ಮೇಲೆ ಅದನ್ನು ನಾಲ್ಕು ತಂತಿಯದರಂತೆ ಹಗುರವಾಗಿ ಹಾಡಿಸಿದರಲ್ಲ, ಅದು ಹೆಗ್ಗಳಿಕೆ.

ಇದನ್ನು ಅವರು ಮಾಡಿದ್ದು ಗುರುಗಳು ಬದುಕಿರುವಾಗಲೇ. ಕೃಷ್ಣಪ್ಪನವರು ದೈವಾಧೀನರಾದದ್ದು 1931ರಲ್ಲಿ. ಶಿಷ್ಯನೊಬ್ಬನು ಸಂಪ್ರದಾಯದ ವಾದ್ಯವನ್ನು ತನ್ನ ಬುದ್ಧಿಯಿಂದ ತಿದ್ದುವುದೆಂದರೆ ಅಂದಿನ ದೃಷ್ಟಿಯಲ್ಲಿ ಸಣ್ಣ ಧೈರ್ಯವಲ್ಲ. ತಿದ್ದಿದ್ದು ಕೆಟ್ಟಿದ್ದರೆ ಹುಡುಗುತನವೆನ್ನುವರು, ಚೆನ್ನಾಗಿದ್ದರೆ ಅಹಂಕಾರವೆನ್ನುವರು. ಕಠಿಣ ಶಿಸ್ತಿನ ಆ ಗುರುಗಳ ಕಣ್ಣೆದುರಿನಲ್ಲಿಯೇ ಏಳು ತಂತಿಯು ನಿಂತು ಉಳಿಯಿತೆಂದ ಮೇಲೆ ಅದರಲ್ಲಿ ಉಡಾಫೆಯೇನೂ ಇರಲಿಲ್ಲವೆಂಬುದು ಸ್ಪಷ್ಟ. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಕಾರಣವೊಂದೇ: ಈ ನೂತನ ಕಲ್ಪನೆಯು ವಾದಕನು ಮೆರೆಯಲೆಂದು ಹುಟ್ಟಿದ್ದಲ್ಲ, ಹಾಡುವವರ ಜೊತೆಯಲ್ಲಿ ನಿಂತು ತನ್ನ ಕರ್ತವ್ಯವನ್ನು ಸಲ್ಲಿಸಲಾರದ ಸಂಕಟದಿಂದ ಹುಟ್ಟಿದ್ದು.

ಗುರುಗಳ ಕಾಲದಲ್ಲಿಯೂ ಅನಂತರದಲ್ಲಿಯೂ ಚೌಡಯ್ಯನವರನ್ನು ಪಕ್ಕದಲ್ಲಿ ಬಯಸದ ಗಾಯಕರು ವಿರಳ. ಅರಿಯಾಕುಡಿ ರಾಮಾನುಜಯ್ಯಂಗಾರ್ಯರು, ಸೆಮ್ಮಂಗುಡಿ ಶ್ರೀನಿವಾಸಯ್ಯರು, ಜಿ. ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ದೊಡ್ಡ ಹೆಸರುಗಳೆಲ್ಲ ಆ ಪಟ್ಟಿಯಲ್ಲಿ ಬರುವುವು. ಆದರೆ ಚೌಡಯ್ಯನವರ ಹೆಸರಿನೊಡನೆ ಬಿಡದೆ ಸೇರಿಕೊಂಡಿರುವ ಹೆಸರು ಚೆಂಬೈ ವೈದ್ಯನಾಥ ಭಾಗವತರದು. 1896ರಲ್ಲಿ ಹುಟ್ಟಿದ ಭಾಗವತರು ಚೌಡಯ್ಯನವರಿಗಿಂತ ಒಂದು ವರ್ಷಕ್ಕೆ ಕಿರಿಯರು, ಪಾಲ್ಘಾಟು ಸೀಮೆಯವರು, ಗಂಟೆಯಂತೆ ಮೊಳಗುವ ಶಾರೀರದವರು. ಆ ಶಾರೀರದ ಪಕ್ಕದಲ್ಲಿ ನಾಲ್ಕು ತಂತಿಯ ಬಡಪಿಟೀಲು ಗಾಳಿಗೆ ಹಿಡಿದ ದೀಪದಂತಾಗುವುದು. ಏಳು ತಂತಿಯದು ಅದಕ್ಕೆ ಸರಿಸಾಟಿಯಾಗಿ ನಿಂತಿತು. ಸ್ವತಃ ಪಿಟೀಲನ್ನು ಬಲ್ಲವರಾಗಿದ್ದ ಭಾಗವತರಿಗೆ ಈ ಜೊತೆಗಾರನ ಕೆಲಸದ ಬೆಲೆ ಚೆನ್ನಾಗಿ ತಿಳಿದಿದ್ದಿತು. ಇವರಿಬ್ಬರಿಗೆ ಪಾಲ್ಘಾಟು ಮಣಿ ಅಯ್ಯರವರ ಮೃದಂಗವು ಕೂಡಿತೆಂದರೆ ಆ ಕಚೇರಿಗೆ ಜನರು ಊರೂರುಗಳಿಂದ ಬರುತ್ತಿದ್ದರು. ಮಲೆಯಾಳ ಸೀಮೆಯಿಂದ ಇಬ್ಬರು, ಮೈಸೂರಿನಿಂದ ಒಬ್ಬರು. ಕೇಳುವವರು ತಮಿಳರು, ತೆಲುಗರು, ಕನ್ನಡಿಗರು. ಭಾಷಾವಾರು ಪ್ರಾಂತಗಳ ಜಗಳದಲ್ಲಿ ನಾವೆಲ್ಲ ಮುಳುಗಿದ್ದ ಆ ದಶಕಗಳಲ್ಲಿ ಈ ವೇದಿಕೆಯ ಮೇಲೆ ಮಾತ್ರ ಆ ಗೊಡವೆಯೇ ಇರಲಿಲ್ಲ.

ಆಕ್ಷೇಪಿಸಿದವರು ಇರಲಿಲ್ಲವೆಂದಲ್ಲ. ಏಳು ತಂತಿಯ ನಾದವು ದಪ್ಪನಾದದ್ದು, ಸೂಕ್ಷ್ಮವಾದ ಗಮಕಗಳ ಅಂಚು ಅದರಲ್ಲಿ ಮಸುಕಾಗುವುದು, ವೇಗದ ಸಂಚಾರಗಳಲ್ಲಿ ಸ್ವರವು ಸ್ವರಕ್ಕೆ ಅಂಟುವುದು, ಇವು ಅವರ ಮಾತುಗಳು. ಇವನ್ನು ಬರಿಯ ಮತ್ಸರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದೇ ಕಾಲದಲ್ಲಿ ವಿಜಯನಗರದ ದ್ವಾರಂ ವೆಂಕಟಸ್ವಾಮಿ ನಾಯ್ಡುರವರು ನಾಲ್ಕೇ ತಂತಿಗಳಲ್ಲಿ ಎಂತಹ ಮೃದುವಾದ ನಾದವನ್ನು ತೆಗೆಯುತ್ತಿದ್ದರೆಂಬುದಕ್ಕೆ ಧ್ವನಿಮುದ್ರಿಕೆಗಳೇ ಸಾಕ್ಷಿ. ಕುಂಭಕೋಣದ ರಾಜಮಾಣಿಕ್ಯಂ ಪಿಳ್ಳೆಯವರ ಮಾಧುರ್ಯವೂ ನಾಲ್ಕು ತಂತಿಯದೇ. ಈ ಮೂವರನ್ನೂ ಪಿಟೀಲಿನ ತ್ರಿಮೂರ್ತಿಗಳೆಂದು ರಸಿಕರು ಕರೆಯುತ್ತಿದ್ದರು. ನಾವು ಚೌಡಯ್ಯನವರನ್ನು ಕಣ್ಣಾರೆ ಕಂಡವರಲ್ಲ. ಅವರು ಕಾಲವಾದ ಮೇಲೆ ಹುಟ್ಟಿದ ಪೀಳಿಗೆಯವರು. ಹಳೆಯ ಧ್ವನಿಮುದ್ರಣಗಳಲ್ಲಿ ಕೇಳಿದಷ್ಟರ ಮೇಲೆ ನಮ್ಮ ತೀರ್ಮಾನವನ್ನು ಹೇಳುವುದಾದರೆ, ಏಕಾಂತದಲ್ಲಿ ಆಲಾಪನೆಯನ್ನು ಸವಿಯಬೇಕೆನ್ನುವವನಿಗೆ ದ್ವಾರಂರವರ ನಾಲ್ಕು ತಂತಿಯೇ ಮಿಗಿಲೆನಿಸೀತು. ಗಾಯಕನು ಮೇಲು ಷಡ್ಜದ ಮೇಲೆ ನಿಂತಿರುವಾಗ ಅವನ ಬೆನ್ನಿಗೆ ನಿಂತು ಅದೇ ಷಡ್ಜವನ್ನು ಹೊತ್ತು ಹಿಡಿಯುವ ಕೆಲಸಕ್ಕೆ ಚೌಡಯ್ಯನವರ ಏಳು ತಂತಿಗೆ ಮಿಗಿಲಾದದ್ದು ನಮಗೆ ಕೇಳಿಸಿಲ್ಲ.

ಇನ್ನೊಂದು ಪ್ರಶ್ನೆಯನ್ನು ಇಲ್ಲಿಯೇ ಎತ್ತಬೇಕು. ಮುಂದೆ ಧ್ವನಿವರ್ಧಕವು ಬಂದಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಳಿಯು ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಸಿಕೊಂಡು ಬಂದ ರಾಮನವಮಿಯ ಕಚೇರಿಗಳಂತಹವು ಸಾವಿರಾರು ಮಂದಿಗೆ ಏಕಕಾಲದಲ್ಲಿ ಕೇಳುವಂತಾದದ್ದು ಈ ಯಂತ್ರದಿಂದಲೇ. ಯಂತ್ರವು ಬಂದ ಮೇಲೆ ನಾಲ್ಕು ತಂತಿಯ ಪಿಟೀಲೂ ಚಪ್ಪರದ ಕೊನೆಗೆ ಕೇಳುವುದಾಯಿತು. ಹಾಗಾದರೆ ಏಳು ತಂತಿಯ ಕೆಲಸವು ಮುಗಿಯಿತೇ? ಚೌಡಯ್ಯನವರು ಅದನ್ನು ಕೆಳಗಿಡಲಿಲ್ಲ. ಸದ್ದಿಗಾಗಿ ಕಟ್ಟಿದ ವಾದ್ಯವು ಅಷ್ಟರಲ್ಲಿ ಸದ್ದನ್ನು ಮೀರಿ ತನ್ನದೇ ಆದ ಒಂದು ನಾದವನ್ನು ಪಡೆದುಕೊಂಡಿತ್ತು. ಯಂತ್ರವು ನಾದವನ್ನು ದೊಡ್ಡದಾಗಿ ಮಾಡಬಲ್ಲುದು. ಒಂದು ತಂತಿಯನ್ನು ಎರಡು ಸ್ಥಾಯಿಗಳ ಸಂಗಮವಾಗಿ ಮಾಡಲಾರದು. ಸ್ವಾರಸ್ಯವೇನೆಂದರೆ, ಚೌಡಯ್ಯನವರ ಪಕ್ಕದಲ್ಲಿ ಎಷ್ಟೋ ಕಚೇರಿಗಳಲ್ಲಿ ಕೂತಿದ್ದ ಮಣಿ ಅಯ್ಯರವರೇ 1960ರ ದಶಕದ ನಡುವಿನಲ್ಲಿ ಧ್ವನಿವರ್ಧಕವಿದ್ದರೆ ತಾವು ನುಡಿಸುವುದಿಲ್ಲವೆಂದು ಹಟ ಹಿಡಿದರು. ಯಂತ್ರದಿಂದ ನಾದವು ಕೆಡುವುದೆಂಬುದು ಅವರ ಅಭಿಪ್ರಾಯವಾಗಿತ್ತು. ಸಭೆಗಳ ಕಾರ್ಯದರ್ಶಿಗಳಿಗೆ ಅದು ತಲೆನೋವಾಯಿತು. ಯಂತ್ರವಿಲ್ಲದೆ ಸಭೆಯನ್ನು ತುಂಬುವ ಪಿಟೀಲನ್ನು ಮೈಸೂರಿನವರೊಬ್ಬರು ನಲವತ್ತು ವರ್ಷಗಳ ಹಿಂದೆಯೇ ಸಿದ್ಧಮಾಡಿಟ್ಟಿದ್ದರೆಂಬುದನ್ನು ಆಗ ಯಾರಾದರೂ ನೆನೆದರೋ ಇಲ್ಲವೋ!

ಚಲಚ್ಚಿತ್ರದ ಮಾತಿನಿಂದ ಆರಂಭಿಸಿದೆವಾದ್ದರಿಂದ ಇದನ್ನೂ ಹೇಳಿಬಿಡಬೇಕು. ಚೌಡಯ್ಯನವರು ಚಲಚ್ಚಿತ್ರವೊಂದಕ್ಕೂ ಕೈಯಿಟ್ಟರು. 1934ರಲ್ಲಿ ‘ಸತಿ ಸುಲೋಚನಾ’ ಚಿತ್ರದೊಡನೆ ಕನ್ನಡದಲ್ಲಿ ಮಾತನಾಡುವ ಚಿತ್ರಗಳು ಆರಂಭವಾಗಿ ಇನ್ನೂ ಹತ್ತು ವರ್ಷಗಳು ತುಂಬಿರಲಿಲ್ಲ; 1943ರಲ್ಲಿ ಅವರು ನಾಟಕರಂಗದ ಕೆ. ಹಿರಣ್ಣಯ್ಯನವರ ನಿರ್ದೇಶನದಲ್ಲಿ ‘ವಾಣಿ’ ಎಂಬ ಚಿತ್ರವನ್ನು ತೆಗೆಸಿದರು. ಮುಂದೆ ಮಾಸ್ಟರ್ ಹಿರಣ್ಣಯ್ಯನೆಂದು ಹೆಸರಾದ ಅವರ ಮಗನು ಬಾಲಕನಾಗಿ ಬೆಳ್ಳಿತೆರೆಗೆ ಬಂದದ್ದು ಇದರಲ್ಲಿಯೇ. ಚೆಂಬೈ, ಚೌಡಯ್ಯ, ಮಣಿ ಅಯ್ಯರು ಮೂವರೂ ಕೂತು ನಡೆಸುವ ಕಚೇರಿಯನ್ನು ಆ ಚಿತ್ರದಲ್ಲಿ ಸೇರಿಸಿದ್ದರು. ಚಿತ್ರದ ಕಥೆಯ ಗುಣಾವಗುಣಗಳ ಚರ್ಚೆ ನಮಗೆ ಬೇಡ. ಕಚೇರಿಯ ನಾದವೂ ಬೆಳಕಿನ ಚಿತ್ರವೂ ಒಟ್ಟಿಗೆ ಉಳಿಯಬೇಕೆಂಬ ಆಲೋಚನೆಯು ಯುದ್ಧದ ಆ ದಿನಗಳಲ್ಲಿ, ಚಿತ್ರದ ಸುರುಳಿ ಸಿಕ್ಕುವುದೇ ದುರ್ಲಭವಾಗಿದ್ದಾಗ, ಒಬ್ಬ ಪಿಟೀಲು ವಿದ್ವಾಂಸರಿಗೆ ಹೊಳೆಯಿತೆಂಬುದೇ ಮುಖ್ಯ. ಮುಂದೆ ಮುಂಬಯಿಯ ಸಂಗೀತ ನಿರ್ದೇಶಕರು ನಾದವು ತುಂಬಿರಬೇಕಾದರೆ ಪಿಟೀಲುಗಳನ್ನು ಸಾಲುಸಾಲಾಗಿ ಡಜನುಗಟ್ಟಲೆ ಕೂರಿಸಿದರು. ಚೌಡಯ್ಯನವರು ಒಂದೇ ಪಿಟೀಲಿನೊಳಗೆ ಆ ಸಾಲನ್ನು ಕೂರಿಸಲು ನೋಡಿದವರು. ಹಣವೂ ಜನವೂ ಇದ್ದವನ ಯುಕ್ತಿಯು ಒಂದು ಬಗೆಯದು. ಇದ್ದ ಮರದ ಡಬ್ಬಿಯಲ್ಲಿಯೇ ದಾರಿಯನ್ನು ಹುಡುಕಿಕೊಳ್ಳುವವನದು ಇನ್ನೊಂದು ಬಗೆಯದು.

ಉಳಿದುದನ್ನು ಸಂಗ್ರಹವಾಗಿ ಹೇಳುತ್ತೇವೆ. 1939ರಲ್ಲಿ ಚೌಡಯ್ಯನವರು ಮೈಸೂರಿನ ಆಸ್ಥಾನ ವಿದ್ವಾಂಸರಾದರು. ಆಗ ಪಟ್ಟದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರವರು. ಚೌಡಯ್ಯನವರು ಕೃತಿಗಳನ್ನೂ ರಚಿಸಿದರು. ಅವುಗಳಲ್ಲಿ ಇಟ್ಟ ಅಂಕಿತವು ‘ತ್ರಿಮಕುಟ’ ಎಂಬುದು. ಮೂರು ತೀರ್ಥಗಳು ಕೂಡುವ ಹುಟ್ಟೂರಿನ ಹೆಸರನ್ನೇ ಹೀಗೆ ಸಂಸ್ಕೃತವಾಗಿ ಮಾಡಿಕೊಂಡು ದೇವರ ಮುಂದಿಟ್ಟರು. ಎಷ್ಟೋ ವಿದ್ವಾಂಸರು ಪಟ್ಟಣಕ್ಕೆ ಬಂದ ಮೇಲೆ ಊರಿನ ಹೆಸರನ್ನು ಮರೆಯುವುದನ್ನು ನಾವು ಕಂಡಿದ್ದೇವೆ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿ ಹುಡುಗರಿಗೆ ವಿದ್ಯೆಯನ್ನು ಕೊಟ್ಟರು. ಗುರುಗಳು ಬಿಟ್ಟುಹೋದ ರಾಮಮಂದಿರದ ಮೇಲಣ ಅಭಿಮಾನವನ್ನು ಕೊನೆಯವರೆಗೂ ಬಿಡಲಿಲ್ಲ. 1957ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯು ‘ಸಂಗೀತ ಕಲಾನಿಧಿ’ ಎಂಬ ಬಿರುದನ್ನು ಕೊಟ್ಟಿತು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಅದೇ ವರ್ಷ ಬಂದಿತು. ಮೈಸೂರಿನ ವಾಸುದೇವಾಚಾರ್ಯರು 1935ರಲ್ಲಿಯೇ ಮದರಾಸಿನ ಆ ಗೌರವವನ್ನು ಪಡೆದಿದ್ದರು. ಪಕ್ಕವಾದ್ಯದವರನ್ನು ವೇದಿಕೆಯ ಅಂಚಿನಲ್ಲಿ ಕೂರಿಸಿ ಸಂಭಾವನೆಯನ್ನೂ ಅಂಚಿನಲ್ಲಿಯೇ ಇಡುತ್ತಿದ್ದ ಕಾಲದಲ್ಲಿ, ಮುಕ್ಕಾಲು ಬಾಳನ್ನು ಇತರರ ಹಾಡಿನ ಪಕ್ಕದಲ್ಲಿ ಕಳೆದವರಿಗೆ ಈ ಮರ್ಯಾದೆಗಳು ದೊರೆತದ್ದು ಸಣ್ಣ ವಿಷಯವಲ್ಲ.

1967ರ ಜನವರಿ 19ರಂದು ಚೌಡಯ್ಯನವರು ಇಹಲೋಕವನ್ನು ಬಿಟ್ಟರು. ಆಗ ಅವರಿಗೆ ಎಪ್ಪತ್ತೆರಡು ವರ್ಷ ವಯಸ್ಸು. ನಾಲ್ಕು ದಿನಗಳ ಮೇಲೆ, ಅದೇ ತಿಂಗಳ 23ರಂದು, ಅರಿಯಾಕುಡಿ ರಾಮಾನುಜಯ್ಯಂಗಾರ್ಯರೂ ಹೋದರು. ಒಂದೇ ವಾರದಲ್ಲಿ ಗಾಯಕರೂ ಪಿಟೀಲಿನವರೂ ವೇದಿಕೆಯಿಂದ ಎದ್ದಂತಾಯಿತು. ಚೆಂಬೈ ಭಾಗವತರು 1974ರವರೆಗೆ ಇದ್ದರು.

ಚೌಡಯ್ಯನವರ ಅನಂತರ ಏಳು ತಂತಿಯನ್ನು ಕೈಬಿಡದೆ ನುಡಿಸಿಕೊಂಡು ಬಂದ ಶಿಷ್ಯರಲ್ಲಿ ಬೆಂಗಳೂರಿನ ವಿದ್ವಾನ್ ಆರ್. ಆರ್. ಕೇಶವಮೂರ್ತಿಗಳು ಪ್ರಮುಖರು. ಅವರೂ 2006ರಲ್ಲಿ ತೀರಿಕೊಂಡರು. ಗುರುಗಳ ವಾದ್ಯವನ್ನೇ ಹಿಡಿಯುವುದೆಂದರೆ ಕೇಳುವವರೆಲ್ಲ ಗುರುವಿನೊಡನೆ ತೂಗಿನೋಡುವರು. ನಾಲ್ಕು ತಂತಿಯನ್ನು ಹಿಡಿದವನಿಗೆ ಆ ಕಷ್ಟವಿಲ್ಲ. ಆದರೂ ಕೇಶವಮೂರ್ತಿಗಳು ಹಿಂಜರಿಯಲಿಲ್ಲ. ಈಗ ಏಳು ತಂತಿಯನ್ನು ನುಡಿಸುವವರನ್ನು ಬೆರಳುಗಳ ಮೇಲೆ ಎಣಿಸಬಹುದು. ಪಿಟೀಲನ್ನು ಕಲಿಯುವ ಮಕ್ಕಳಿಗೆ ಬೆಂಗಳೂರಿನಲ್ಲಿ ಬರಗಾಲವಿಲ್ಲ. ಜಯನಗರ, ಬನಶಂಕರಿ, ಜೆ. ಪಿ. ನಗರಗಳ ಬಡಾವಣೆಗಳಲ್ಲಿ ಸಂಜೆ ಐದು ಗಂಟೆಯಾದರೆ ಬೀದಿಗೊಂದು ಮನೆಯಲ್ಲಿ ಸರಳೆವರಿಸೆಗಳು ಕೇಳುವುವು. ಎಲ್ಲವೂ ನಾಲ್ಕು ತಂತಿಯವೇ.

ಹೊಸತನ್ನು ಒಪ್ಪಿಕೊಳ್ಳಲಾರದ ಜನ ನಾವಲ್ಲ. ದಕ್ಷಿಣ ಕನ್ನಡದವರ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ನಮ್ಮ ಗಮಕಗಳಿಗೆ ಒಗ್ಗಿಸಿದಾಗ ಮೊದಲು ಹುಬ್ಬೇರಿಸಿದವರೇ ಆಮೇಲೆ ಮದುವೆಮನೆಗಳಿಗೆ ಅವರನ್ನು ಕರೆಸಿದರು. ಆದರೆ ಒಪ್ಪಿಕೊಳ್ಳುವುದು ಬೇರೆ, ಉಳಿಸಿಕೊಳ್ಳುವುದು ಬೇರೆ. ಚೌಡಯ್ಯನವರ ವಿಷಯದಲ್ಲಿ ನಾವು ಕಟ್ಟಡವನ್ನು ಉಳಿಸಿಕೊಂಡೆವು. 1980ರಲ್ಲಿ, ಕೆ. ಕೆ. ಮೂರ್ತಿಯವರ ಸಾಹಸದಿಂದ ಎದ್ದ ಚೌಡಯ್ಯ ಸ್ಮಾರಕ ಭವನವು ಏಳು ತಂತಿಯ ಪಿಟೀಲಿನ ರೂಪದ್ದು. ಬಿರಡೆಗಳಿವೆ, ಕುದುರೆಯಿದೆ, ಕಮಾನೂ ಇದೆ. ಒಬ್ಬ ಸಂಗೀತ ವಿದ್ವಾಂಸನ ವಾದ್ಯವನ್ನೇ ಕಟ್ಟಡವಾಗಿ ನಿಲ್ಲಿಸಿದ ನಿದರ್ಶನವು ಲೋಕದಲ್ಲಿ ಅಪೂರ್ವವೇ ಸರಿ. ಮೂರ್ತಿಯವರ ಉಪಕಾರವನ್ನು ನಾವು ಕಡಿಮೆಮಾಡಿ ಹೇಳುವುದಿಲ್ಲ. ಆ ಭವನದೊಳಗೆ ಸಂಗೀತವೂ ನಾಟಕವೂ ಶಾಲೆಗಳ ವಾರ್ಷಿಕೋತ್ಸವಗಳೂ ನಡೆಯುತ್ತವೆ. ಏಳು ತಂತಿಯ ಪಿಟೀಲು ಮಾತ್ರ ಅಲ್ಲಿ ಹೊರಗಡೆ ಸಿಮೆಂಟಿನಲ್ಲಿ ಕಾಣುವಷ್ಟು ಒಳಗಡೆ ಕೇಳುವುದಿಲ್ಲ.

ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯವಿದೆ. ಚೌಡಯ್ಯನವರು ಶಾಲೆಯನ್ನು ನಡೆಸಿದ ಊರು ಅದೇ. ಏಳು ತಂತಿಯ ಪಿಟೀಲನ್ನು ಕಟ್ಟಬಲ್ಲ ಕುಶಲಿಗಳಿಗೂ ಅದನ್ನು ಕಲಿಯಲು ಮನಸ್ಸುಮಾಡುವ ನಾಲ್ಕೈದು ವಿದ್ಯಾರ್ಥಿಗಳಿಗೂ ವರ್ಷಕ್ಕೊಂದಿಷ್ಟು ವೇತನವನ್ನು ಗೊತ್ತುಮಾಡುವುದು ಅದಕ್ಕೆ ಅಸಾಧ್ಯವಾದ ವಿಷಯವೇನಲ್ಲ. ಅಳತೆಗಳನ್ನು ಬರೆದಿಡುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ: ಜೋಡಿ ತಂತಿಗಳ ನಡುವಣ ಸಂದು ಎಷ್ಟು, ತಂತಿಗಳ ದಪ್ಪವೆಷ್ಟು, ಕುದುರೆಯ ಎತ್ತರವೆಷ್ಟು, ಹಲಗೆಗೆ ಕೊಟ್ಟ ಬಲವೆಂತಹುದು, ಇವು ಕೈಯಿಂದ ಕೈಗೆ ಬಂದ ತಿಳಿವಳಿಕೆ, ಕೈಗಳು ಕಡಿಮೆಯಾದಂತೆ ತಾನೂ ಕಡಿಮೆಯಾಗುವುದು. ಬೆಂಗಳೂರಿನ ಸಭೆಗಳವರು ರಾಮನವಮಿಯ ಹತ್ತಾರು ಕಚೇರಿಗಳಲ್ಲಿ ಒಂದನ್ನಾದರೂ ಈ ವಾದ್ಯಕ್ಕೆ ಮೀಸಲಿಡಬಹುದು. ಹಳೆಯ ಮನೆಗಳ ಅಟ್ಟದ ಮೇಲೆ ಚೌಡಯ್ಯನವರ ಕಚೇರಿಯ ಸುರುಳಿಗಳೋ ತಟ್ಟೆಗಳೋ ಇದ್ದರೆ, ಧೂಳಿಗೆ ಬಿಡದೆ ಅವನ್ನು ನಕಲು ಮಾಡಿಸಿ ಆಕಾಶವಾಣಿಗೋ ವಿಶ್ವವಿದ್ಯಾನಿಲಯಕ್ಕೋ ತಲುಪಿಸಬೇಕೆಂದು ನಮ್ಮ ವಾಚಕರನ್ನು ಕೇಳಿಕೊಳ್ಳುತ್ತೇವೆ.